ಹನ್ನೊಂದರ ಹುಡುಗಿಗೆ ಊರ ಕಿರೀಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಜೂನ್ ಬಂತೆಂದರೆ ಸ್ಕಾಟ್ಲೆಂಡಿನ ಸಣ್ಣ ಪಟ್ಟಣಗಳಲ್ಲಿ ಊರಹಬ್ಬಗಳ ಸಾಲು. ಅವುಗಳಲ್ಲಿ ಅನೇಕ ಕಡೆ ಊರಿನ ಒಬ್ಬ ಹುಡುಗಿಯನ್ನು ರಾಣಿಯೆಂದು ಆರಿಸಿ, ಊರೆಲ್ಲ ಸೇರಿದ ಕಡೆ ಕಿರೀಟವಿಟ್ಟು, ಮುಂದಿನ ಹಬ್ಬದವರೆಗೆ ಆ ಗೌರವದ ಹೊಣೆ ಒಪ್ಪಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಮನೆಗಳಿಂದಲೂ ಅಮೆರಿಕದಿಂದಲೂ ಈ ಬಗ್ಗೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವಿರುವುದು ಪೀಬಲ್ಸ್‌ನಲ್ಲಿ. ಮಗಳು ಪ್ರೈಮರಿ ಆರರಲ್ಲಿದ್ದಾಳೆ. ಮುಂದಿನ ವರ್ಷ ಅವಳ ತರಗತಿಯವರಲ್ಲೇ ಒಬ್ಬಳು ಇಲ್ಲಿನ ಊರಹಬ್ಬದ ‘ಬೆಲ್ಟೇನ್ ರಾಣಿ’ಯಾಗುತ್ತಾಳಂತೆ. ನಮಗೆ ಸ್ಕಾಟಿಷ್ ಮೂಲವಿಲ್ಲ. ಅವಳು ಆಸೆಪಡುವುದು ಸರಿಯೇ? ಇದು ಸೌಂದರ್ಯ ಸ್ಪರ್ಧೆಯ ಥರದ್ದೇ?

ಖಂಡಿತ ಆಸೆಪಡಲಿ. ಇಲ್ಲಿ ಲೆಕ್ಕಕ್ಕೆ ಬರುವುದು ಊರು ಮತ್ತು ಶಾಲೆ, ವಂಶವಲ್ಲ. ಪೀಬಲ್ಸ್ ಮತ್ತು ಬೋನೆಸ್‌ಗಳಲ್ಲಿ ರಾಣಿ ಪ್ರೈಮರಿ ಏಳರ ಹುಡುಗಿ, ಅಂದರೆ ಹನ್ನೊಂದು ಹನ್ನೆರಡರ ವಯಸ್ಸು. ಆಯ್ಕೆಯ ಕ್ರಮ ಊರಿಂದೂರಿಗೆ ಬೇರೆ. ಒಂದು ಕಡೆ ಸಹಪಾಠಿಗಳೇ ಮತ ಹಾಕಿದರೆ, ಇನ್ನೊಂದು ಕಡೆ ಶಿಕ್ಷಕರು ಆರಿಸುತ್ತಾರೆ, ಮತ್ತೊಂದು ಕಡೆ ಚೀಟಿ ಎತ್ತುತ್ತಾರೆ. ಹಲವು ಶಾಲೆಗಳಿರುವ ಊರಲ್ಲಿ ಸರದಿ ಇರುವುದೂ ಉಂಟು. ಆದ್ದರಿಂದ ಮೊದಲು ಶಾಲೆಯ ಕಚೇರಿಯಲ್ಲಿ ಎರಡು ವಿಷಯ ಕೇಳಿಕೊಳ್ಳಿ: ಈ ಸಲ ಯಾವ ಶಾಲೆಯ ಸರದಿ, ಹೆಸರು ಯಾವಾಗ ಪ್ರಕಟಿಸುತ್ತಾರೆ.

ಸೌಂದರ್ಯ ಸ್ಪರ್ಧೆಗೂ ಇದಕ್ಕೂ ಸಂಬಂಧವಿಲ್ಲ. ಬೇಕಾದ ಗುಣಗಳು ಬೇರೆ: ಜನರೆದುರು ಅರ್ಧ ಗಂಟೆ ಅಲುಗದೆ ನಿಲ್ಲುವುದು, ನಾಲ್ಕು ವಾಕ್ಯ ಬಾಯಿಪಾಠ ಹೇಳುವುದು, ತನಗಿಂತ ಚಿಕ್ಕ ಮಕ್ಕಳು ಅತ್ತಾಗ ಗಲಿಬಿಲಿಯಾಗದೆ ಇರುವುದು. ರಾಣಿಯ ಹಿಂದೆ ಸಖಿಯರು, ಸೆರಗು ಹಿಡಿಯುವವರು, ಹೂವಿನ ಹುಡುಗಿಯರು ಎಂದು ದೊಡ್ಡ ಪರಿವಾರವೇ ಇರುತ್ತದೆ. ಮಗಳಿಗೆ ರಾಣಿಯ ಪಾತ್ರ ಸಿಗದಿದ್ದರೂ ಪರಿವಾರದಲ್ಲಿ ಸಿಗಬಹುದು. ಅದನ್ನು ಸಮಾಧಾನಕ್ಕೆ ಕೊಟ್ಟದ್ದು ಎಂದುಕೊಳ್ಳಬೇಡಿ. ಮೆರವಣಿಗೆಯ ಅರ್ಧ ಕೆಲಸ ಅವರ ಮೇಲೆ ನಿಂತಿದೆ.

ಒಂದು ಎಚ್ಚರಿಕೆ. ಸ್ಕಾಟ್ಲೆಂಡಿನ ಶಾಲಾವರ್ಷ ಜೂನ್ ಕೊನೆಗೆ ಮುಗಿದು ಆಗಸ್ಟಿನಲ್ಲಿ ಮತ್ತೆ ಶುರುವಾಗುತ್ತದೆ. ಜೂನಿನಲ್ಲಿ ಕಿರೀಟ ತೊಟ್ಟವಳು ಆಗಸ್ಟಿನಲ್ಲಿ ಹೈಸ್ಕೂಲಿಗೆ ಹೋಗುತ್ತಾಳೆ. ಹೊಸ ಶಾಲೆ, ಹೊಸ ಸ್ನೇಹಿತರ ನಡುವೆಯೇ ಮುಂದಿನ ವರ್ಷದ ಹಬ್ಬಕ್ಕೆ ಹಿಂದಿನ ರಾಣಿಯಾಗಿ ಹಾಜರಾಗಬೇಕು. ಆ ಬೇಸಿಗೆಯಲ್ಲಿ ಊರು ಬಿಟ್ಟು ಹೋಗುವ ಯೋಚನೆ ನಿಮಗಿದ್ದರೆ ಸಮಿತಿಗೆ ಈಗಲೇ ಹೇಳಿಬಿಡಿ.

ಪ್ರಶ್ನೆ: ಬೆಲ್ಟೇನ್ ಎಂದರೆ ಮೇ 1ರ ಹಳೆಯ ಬೆಂಕಿಹಬ್ಬ ಎಂದು ಓದಿದ್ದೇನೆ. ಹಾಗಾದರೆ ಈ ರಾಣಿಯೂ ಅಷ್ಟೇ ಪ್ರಾಚೀನಳೇ?

ಇಲ್ಲ. ಹಳೆಯದು ಗಡಿ ಸುತ್ತುವ ಪದ್ಧತಿ. ರಾಣಿ ಬಂದದ್ದು ವಿಕ್ಟೋರಿಯಾ ಕಾಲದ ಕೊನೆಗೆ. ಹಿಂದೆ ಪಟ್ಟಣದ ಭೂಮಿಯನ್ನು ಪಕ್ಕದ ಜಮೀನ್ದಾರರು ಒತ್ತುವರಿ ಮಾಡದಂತೆ ಊರವರು ವರ್ಷಕ್ಕೊಮ್ಮೆ ಗಡಿಕಲ್ಲುಗಳನ್ನು ನೋಡಿಕೊಂಡು ಬರುತ್ತಿದ್ದರು. ಲಾನಾರ್ಕ್ ಊರಿನ ಲಾನಿಮರ್ ಹಬ್ಬ ಅಂಥದ್ದು. ಅಲ್ಲಿ ಮೊದಲ ರಾಣಿಗೆ ಕಿರೀಟವಿಟ್ಟದ್ದು 1893ರಲ್ಲಿ. ಬೋನೆಸ್‌ನಲ್ಲಿ 1897ರಲ್ಲಿ. ಪೀಬಲ್ಸ್‌ನಲ್ಲಿ ನಿಂತುಹೋಗಿದ್ದ ಗಡಿಸವಾರಿಗೆ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ವರ್ಷ 1897ರಲ್ಲಿ ಮತ್ತೆ ಜೀವ ಬಂತು, 1899ರಲ್ಲಿ ಬೆಲ್ಟೇನ್ ರಾಣಿಯೂ ಸೇರಿಕೊಂಡಳು. ನೂರಕ್ಕೂ ಹೆಚ್ಚು ವರ್ಷಗಳ ಸಂಪ್ರದಾಯವಿದು, ಅದಕ್ಕೆ ಸಾವಿರ ವರ್ಷದ ವಯಸ್ಸು ಕಟ್ಟುವ ಅಗತ್ಯವಿಲ್ಲ. ಮಗಳ ಭಾಷಣದಲ್ಲಿ ‘ಪುರಾತನ ರಾಣಿಯ ಪರಂಪರೆ’ ಎಂದು ಬರೆಯಬೇಡಿ. ಕೇಳುವವರಲ್ಲಿ ಊರಿನ ಇತಿಹಾಸ ಬಲ್ಲ ಹಿರಿಯರು ಬೇಕಾದಷ್ಟು ಇರುತ್ತಾರೆ.

ದಿನಾಂಕದ ಬಗ್ಗೆಯೂ ಒಂದು ಮಾತು. ಲಾನಾರ್ಕ್‌ನ ಹಬ್ಬ ಜೂನ್ 6ರಿಂದ 12ರ ಒಳಗೆ ಬರುವ ಗುರುವಾರ. ಪೀಬಲ್ಸ್‌ನದು ಜೂನ್ ತಿಂಗಳ ಒಂದು ಶನಿವಾರ, ಬೋನೆಸ್‌ನದು ಜೂನ್ ಕೊನೆಯ ಶುಕ್ರವಾರ. ಊರಿಂದ ಅಜ್ಜ ಅಜ್ಜಿ ಬರುವವರಿದ್ದರೆ ಟಿಕೆಟ್ ತೆಗೆಯುವ ಮೊದಲು ಆ ವರ್ಷದ ದಿನಾಂಕವನ್ನು ಸಮಿತಿಯಿಂದಲೇ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ಉಡುಪು ನಾವೇ ಹೊಲಿಸಬೇಕಾಗಿದೆ. ಬಿಳಿ ಗೌನ್, ಮೇಲೆ ಮಖಮಲ್ಲಿನ ಉದ್ದ ರೋಬ್. ಏನೇನು ನೋಡಿಕೊಳ್ಳಬೇಕು?

ರೋಬಿನಿಂದಲೇ ಶುರುಮಾಡೋಣ, ಏಕೆಂದರೆ ಹೆಚ್ಚಿನ ಎಡವಟ್ಟು ಅಲ್ಲೇ ಆಗುವುದು. ಕತ್ತಿನ ಮುಂದೆ ದಾರ ಕಟ್ಟುವ ಮಾದರಿ ಚಿತ್ರದಲ್ಲಿ ಚೆಂದ. ಮೆರವಣಿಗೆಯಲ್ಲಿ ಅದರಿಂದ ಉಸಿರು ಕಟ್ಟುತ್ತದೆ: ಹಿಂದೆ ಸೆರಗು ಹಿಡಿದ ಮಗು ತಟ್ಟನೆ ನಿಂತಿತೆಂದರೆ ಇಡೀ ಭಾರ ರಾಣಿಯ ಗಂಟಲಿಗೆ ಬೀಳುತ್ತದೆ. ರೋಬಿನ ಒಳಗೆ ಎರಡು ಅಗಲ ಪಟ್ಟಿ ಹೊಲಿಸಿ. ಅವು ಭುಜದಿಂದ ಇಳಿದು, ಕಂಕುಳಡಿ ಹಾದು, ಬೆನ್ನ ಹಿಂದೆ ಒಂದನ್ನೊಂದು ದಾಟಿ, ಸೊಂಟದ ಮುಂದೆ ಗಂಟಾಗಲಿ. ಗೌನಿನ ಭುಜದ ಹೊಲಿಗೆಯ ಮೇಲೆ ಎರಡೂ ಕಡೆ ದೊಡ್ಡ ಕೊಕ್ಕೆ, ರೋಬಿಗೆ ಅದರ ಕುಣಿಕೆ. ಆಗ ಭಾರ ಸೊಂಟಕ್ಕೆ ಹೋಗುತ್ತದೆ, ಕತ್ತಿನ ಬಳಿಯ ದಾರ ಬರೀ ಅಲಂಕಾರಕ್ಕೆ ಉಳಿಯುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ಹತ್ತಿಯ ಮಖಮಲ್ಲು ಬೇಡ. ಮಳೆ ಬಂದರೆ ನೀರು ಹೀರಿಕೊಂಡು ಸೀಸದಂತೆ ಭಾರವಾಗುತ್ತದೆ, ಕಡುಬಣ್ಣದ್ದಾದರೆ ಬಿಳಿ ಗೌನಿನ ಮೇಲೆ ಬಣ್ಣವೂ ಇಳಿಯಬಹುದು. ಪಾಲಿಯೆಸ್ಟರ್ ಮಖಮಲ್ಲು ಹಗುರ, ಬೇಗ ಒಣಗುತ್ತದೆ. ಮೊದಲು ಒಂದು ತುಂಡು ತಂದು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ನೆಲದ ಮೇಲೆ ಹರಿಯುವ ಭಾಗ ಎರಡು ಮೀಟರಿಗಿಂತ ಹೆಚ್ಚಾದರೆ ಇಬ್ಬರು ಮಕ್ಕಳಿಂದ ಅದನ್ನು ಸಂಭಾಳಿಸಲಾಗದು. ಅಂಚಿನಲ್ಲಿ ಹಿಡಿಯಲು ಪುಟ್ಟ ಬಟ್ಟೆಯ ಕುಣಿಕೆಗಳನ್ನು ಹೊಲಿಸಿ. ಬರಿಯ ಮಖಮಲ್ಲು ಮಕ್ಕಳ ಕೈಯಿಂದ ಜಾರುತ್ತದೆ. ಮಕ್ಕಳಿಗೆ ಹೇಳಿಕೊಡಬೇಕಾದ್ದು ಮೂರೇ ಮಾತು: ಸೊಂಟದ ಎತ್ತರಕ್ಕೆ ಹಿಡಿಯಿರಿ, ಎಳೆಯಬೇಡಿ, ರಾಣಿ ನಿಂತರೆ ನೀವೂ ನಿಲ್ಲಿ.

ಗೌನಿಗೆ ಅಳತೆ ಕೊಡುವುದು ಚಳಿಗಾಲದ ಕೊನೆಗೆ, ಉಡುವುದು ಜೂನಿನಲ್ಲಿ. ಈ ವಯಸ್ಸಿನ ಹುಡುಗಿಯರು ಆ ಮೂರು ತಿಂಗಳಲ್ಲೇ ಬೆಳೆದುಬಿಡುತ್ತಾರೆ. ಬೆನ್ನಿಗೆ ಜಿಪ್ ಬದಲು ದಾರ ಎಳೆದು ಕಟ್ಟುವ ಲೇಸಿಂಗ್ ಮಾಡಿಸಿದರೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಕೆಳಗಡೆ ಐದು ಸೆಂಟಿಮೀಟರ್ ಬಟ್ಟೆ ಮಡಿಕೆಯಲ್ಲಿ ಉಳಿಸಿರಿ. ಕೊನೆಯ ಮಡಿಕೆ ಹಾಕುವಾಗ ಹಬ್ಬದ ದಿನದ ಚಪ್ಪಲಿಯನ್ನೇ ತೊಡಿಸಿ ಅಳೆಯಬೇಕು. ಪೀಬಲ್ಸ್‌ನಲ್ಲಿ ಕಿರೀಟಧಾರಣೆ ನಡೆಯುವುದು ಹಳೆಯ ಪ್ಯಾರಿಷ್ ಚರ್ಚಿನ ಮೆಟ್ಟಿಲ ಮೇಲೆ. ಮುಂದಿನ ಅಂಚು ನೆಲದಿಂದ ನಾಲ್ಕೈದು ಸೆಂಟಿಮೀಟರ್ ಮೇಲಿದ್ದರೆ ಮೆಟ್ಟಿಲೇರುವಾಗ ಕಾಲಿಗೆ ಸಿಕ್ಕುವುದಿಲ್ಲ.

ಒಳಗೆ ತೆಳುವಾದ ಥರ್ಮಲ್ ಉಡುಪು ಬೇಕೇ ಬೇಕು. ಜೂನ್ ಎಂದು ಮೋಸಹೋಗಬೇಡಿ. ಪೀಬಲ್ಸ್ ಇರುವ ಸ್ಕಾಟ್ಲೆಂಡಿನ ಗಡಿನಾಡಿನಲ್ಲಿ ಹಗಲಿನ ಬಿಸಿ 17 ಡಿಗ್ರಿಯ ಆಸುಪಾಸು, ತೆರೆದ ವಾಹನದಲ್ಲಿ ಕೂತರೆ ಗಾಳಿ ಮೈ ಕೊರೆಯುತ್ತದೆ. ಥರ್ಮಲ್ ಬಿಳಿಯದಾದರೆ ಬಿಳಿ ಗೌನಿನೊಳಗಿಂದ ಕಾಣುತ್ತದೆ, ಮೈಬಣ್ಣಕ್ಕೆ ಹತ್ತಿರದ್ದನ್ನು ತನ್ನಿ. ಅಂಗಡಿಗಳಲ್ಲಿ ‘ಸ್ಕಿನ್ ಕಲರ್’ ಎಂದು ಮಾರುವುದು ಹೆಚ್ಚಾಗಿ ಬಿಳಿಯರ ಮೈಬಣ್ಣ, ನಮ್ಮ ಮಕ್ಕಳಿಗೆ ಕಂದು ಬಣ್ಣದ ನೃತ್ಯ ಉಡುಪು ಹೊಂದುತ್ತದೆ. ಮುಖ ಕಾಣುವಂತೆ ಪಾರದರ್ಶಕ ಛತ್ರಿ ಎರಡು ಇಟ್ಟುಕೊಳ್ಳಿ. ಶೌಚಕ್ಕೆ ಹೋಗುವುದೇನಿದ್ದರೂ ರೋಬ್ ತೊಡಿಸುವ ಮೊದಲು. ತೊಡಿಸಿದ ಮೇಲೆ ಬಿಚ್ಚಿ ಮತ್ತೆ ಕಟ್ಟಲು ಕಾಲು ಗಂಟೆ ಹೋಗುತ್ತದೆ, ಮೆರವಣಿಗೆ ಅಷ್ಟು ಹೊತ್ತು ಕಾಯುವುದಿಲ್ಲ.

ಪ್ರಶ್ನೆ: ಮಗಳಿಗೆ ಸೊಂಟದುದ್ದ ಕೂದಲು. ಕಿರೀಟ ನಿಲ್ಲುತ್ತದೆಯೇ? ತಾಲೀಮಿನಲ್ಲಿ ಎರಡು ಸಲ ಜಾರಿತು.

ಎಣ್ಣೆ ಹಚ್ಚಿದ ಕೂದಲಾಗಿತ್ತೇ? ಜಾರಲು ಸಾಮಾನ್ಯ ಕಾರಣ ಅದು. ಹಬ್ಬಕ್ಕೆ ಎರಡು ದಿನ ಮೊದಲು ತಲೆಸ್ನಾನ ಮಾಡಿಸಿ, ಆಮೇಲೆ ಎಣ್ಣೆ ಬೇಡ. ಆಗಷ್ಟೇ ತೊಳೆದ ಕೂದಲೂ ನುಣುಪಾಗಿ ಜಾರುತ್ತದೆ, ಆದ್ದರಿಂದ ಅದೇ ಬೆಳಿಗ್ಗೆ ತೊಳೆಯುವುದೂ ಬೇಡ. ಉದ್ದ ಕೂದಲು ಇಲ್ಲಿ ವರ. ನೆತ್ತಿಯ ಎರಡೂ ಪಕ್ಕ ಕಿರುಬೆರಳಿನ ದಪ್ಪದ ಎರಡು ಬಿಗಿ ಜಡೆ ಹಾಕಿ, ತಲೆ ಸುತ್ತ ತಂದು ಪಿನ್ನು ಮಾಡಿ. ಕಿರೀಟದ ಒಳಬದಿಗೆ ಎರಡು ಬಾಚಣಿಗೆ ತುಂಡು ಹೊಲಿದರೆ ಅವು ಈ ಜಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಕಿರೀಟದ ಸುತ್ತಳತೆ ನೋಡುವುದು ಜಡೆ ಹಾಕಿದ ಮೇಲೆಯೇ. ಬರಿತಲೆಯ ಅಳತೆಗೆ ಮಾಡಿದ್ದು ಆ ದಿನ ನೆತ್ತಿಯ ತುದಿಯಲ್ಲಿ ಕೂರುತ್ತದೆ.

ಕಿರೀಟ ಇಡುವ ಮಹಿಳೆಗೆ ಹಿಂದು ಮುಂದು ಗೊತ್ತಾಗಲೆಂದು ಹಿಂಭಾಗದ ಒಳಗೆ ಕೆಂಪು ರಿಬ್ಬನ್ನಿನ ಚೂರು ಅಂಟಿಸಿ. ಕಿರೀಟ ಊರಿನದು, ವರ್ಷದಿಂದ ವರ್ಷಕ್ಕೆ ಕೈ ಬದಲಾಗುವಂಥದ್ದಾದರೆ ಬಾಚಣಿಗೆ ಹೊಲಿಯುವ ಮೊದಲು ಸಮಿತಿಯ ಒಪ್ಪಿಗೆ ಪಡೆಯಿರಿ. ಬಗ್ಗಿ ನಮಿಸುವಾಗ ತಲೆ ತಗ್ಗಿಸಬಾರದು. ಬಲಗಾಲನ್ನು ಎಡಗಾಲಿನ ಹಿಂದಕ್ಕಿಟ್ಟು, ಬೆನ್ನು ನೆಟ್ಟಗಿರಿಸಿ, ಮಂಡಿ ಮಾತ್ರ ಬಾಗಿಸಿ, ಮನಸ್ಸಿನಲ್ಲಿ ಎರಡೆಣಿಸಿ ಏಳಬೇಕು. ಭರತನಾಟ್ಯ ಕಲಿತ ಹುಡುಗಿಗೆ ಇದು ಒಂದು ಸಂಜೆಯ ಅಭ್ಯಾಸ.

ಪ್ರಶ್ನೆ: ಐಮೌತ್‌ನ ಹೆರಿಂಗ್ ಕ್ವೀನ್ (ಹೆರಿಂಗ್ ಎಂಬ ಮೀನಿನ ಹೆಸರಿನ ಹಬ್ಬದ ರಾಣಿ) ದೋಣಿಯಲ್ಲಿ ಬರುತ್ತಾಳಂತೆ. ಅಲ್ಲಿ ಪರಿವಾರದಲ್ಲಿ ನನ್ನ ಅಕ್ಕನ ಮಗಳಿದ್ದಾಳೆ. ಸಮುದ್ರದ ಮೇಲೆ ಈ ವೇಷ ಹೇಗೆ?

ಐಮೌತ್ ಮೀನುಗಾರರ ಊರು. 1881ರ ಅಕ್ಟೋಬರ್ 14ರ ಬಿರುಗಾಳಿಯಲ್ಲಿ ಆ ಕರಾವಳಿಯ 189 ಮೀನುಗಾರರು ಸತ್ತರು, ಅವರಲ್ಲಿ 129 ಮಂದಿ ಐಮೌತ್‌ನವರೇ. 1939ರಿಂದ ನಡೆದುಬಂದಿರುವ ಈ ರಾಣಿಯ ಹಬ್ಬದಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಪಕ್ಕದ ಸೇಂಟ್ ಆಬ್ಸ್ ಬಂದರಿನಿಂದ ಪರಿವಾರದೊಂದಿಗೆ ಮೀನುದೋಣಿ ಹತ್ತಿ, ಇತರ ದೋಣಿಗಳ ಜೊತೆ ಐಮೌತ್ ತಲುಪುತ್ತಾಳೆ. ಈ ಊರಿನವರಿಗೆ ಸಮುದ್ರ ಎಂದರೆ ಏನೆಂದು ಆ ಸಂಖ್ಯೆಗಳೇ ಹೇಳುತ್ತವೆ. ದೋಣಿಯವರು ಕೊಟ್ಟ ಸೂಚನೆಯನ್ನು ಪ್ರಶ್ನಿಸದೆ ಪಾಲಿಸಬೇಕು.

ಲೈಫ್ ಜಾಕೆಟ್ ಎಲ್ಲಕ್ಕಿಂತ ಮೇಲೆ ಇರಬೇಕು, ಫೋಟೋಗಾಗಿ ಅದರ ಮೇಲೆ ರೋಬ್ ಮುಚ್ಚುವುದು ಅಪಾಯ. ನೀರಿಗೆ ಬಿದ್ದರೆ ಉದ್ದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ನೆಲದ ಮೇಲೆ ಹರಿಯುವಂಥದ್ದೇನಿದ್ದರೂ ನೀರು ಹೋಗದ ಚೀಲದಲ್ಲಿ ಬರಲಿ, ದಡ ಸೇರಿದ ಮೇಲೆ ತೊಡಬಹುದು. ದೋಣಿಯಲ್ಲಿ ರಬ್ಬರ್ ತಳದ ಚಪ್ಪಟೆ ಶೂ. ವಾಂತಿ ತಡೆಯುವ ಮಾತ್ರೆ ಬೇಕಾದರೆ ಔಷಧಿ ಅಂಗಡಿಯವರನ್ನು ಕೇಳಿ, ಹಬ್ಬಕ್ಕೆ ಕೆಲವು ದಿನ ಮೊದಲೇ ಒಮ್ಮೆ ತೆಗೆದುಕೊಂಡು ನೋಡಲಿ. ಕೆಲವರಿಗೆ ಅದರಿಂದ ವಿಪರೀತ ನಿದ್ದೆ ಬರುತ್ತದೆ.

ಪ್ರಶ್ನೆ: ಹಬ್ಬದ ಭೋಜನಕೂಟಕ್ಕೆ ರೇಷ್ಮೆ ಸೀರೆ ಉಟ್ಟು, ಮೇಲೆ ಟಾರ್ಟನ್ ಸ್ಯಾಶ್ (ಸ್ಕಾಟಿಷ್ ಚೌಕಳಿ ಬಟ್ಟೆಯ ಉದ್ದನೆಯ ಭುಜಪಟ್ಟಿ) ಹಾಕಿಕೊಳ್ಳಬೇಕೆಂದಿದ್ದೇನೆ. ತಪ್ಪಾಗುತ್ತದೆಯೇ? ಯಾವ ಟಾರ್ಟನ್?

ತಪ್ಪಿಲ್ಲ. ಆದರೆ ಯಾವ ಭುಜ ಎನ್ನುವುದರಲ್ಲಿ ನಮ್ಮವರು ಎಡವುತ್ತಾರೆ. ಸೆರಗಿನ ಅಭ್ಯಾಸದಿಂದ ಕೈ ತಾನಾಗಿ ಎಡಭುಜಕ್ಕೆ ಹೋಗುತ್ತದೆ. ಸ್ಕಾಟ್ಲೆಂಡಿನ ರೂಢಿಯಲ್ಲಿ ಎಡಭುಜದ ಮೇಲೆ ಸ್ಯಾಶ್ ಧರಿಸುವುದು ಕುಲದ (ಕ್ಲಾನ್) ಮುಖ್ಯಸ್ಥೆ, ಮುಖ್ಯಸ್ಥನ ಹೆಂಡತಿ, ಸ್ಕಾಟಿಷ್ ರೆಜಿಮೆಂಟಿನ ಕರ್ನಲ್‌ನ ಹೆಂಡತಿ. ಉಳಿದವರದು ಬಲಭುಜ: ಎದೆಯ ಮೇಲೆ ಓರೆಯಾಗಿ ಹಾದು, ಬಲಭುಜದಲ್ಲೇ ಚಿಕ್ಕ ಬ್ರೂಚಿನಿಂದ ಬಂಧಿಸುತ್ತಾರೆ. ಬೇರೆ ಕುಲಕ್ಕೆ ಮದುವೆಯಾಗಿ ಹೋಗಿಯೂ ತವರಿನ ಟಾರ್ಟನ್ ತೊಡುವವರು ಉದ್ದನೆಯ ಸ್ಯಾಶನ್ನು ಬಲಭುಜಕ್ಕೆ ಪಿನ್ನು ಮಾಡಿ ಎಡಸೊಂಟದಲ್ಲಿ ದೊಡ್ಡ ಬೋ ಕಟ್ಟುತ್ತಾರೆ.

ಸೀರೆಯ ಸೆರಗು ಎಡಕ್ಕೆ, ಸ್ಯಾಶ್ ಬಲಕ್ಕೆ ಹೋದರೆ ಎದೆಯ ಮೇಲೆ ಎರಡೂ ಅಡ್ಡಹಾಯ್ದು ಗೋಜಲಾಗಿ ಕಾಣುತ್ತದೆ, ಒಳ್ಳೆಯ ಸೀರೆಯ ಅಂಚೂ ಮುಚ್ಚಿಹೋಗುತ್ತದೆ. ಇದಕ್ಕೆ ನಾಲ್ಕನೆಯ ವಿಧಾನ ಹೇಳಿ ಮಾಡಿಸಿದಂತಿದೆ. ನೃತ್ಯ ಮಾಡುವವರೂ ಉಡುಪಿನ ಮುಂಭಾಗ ತೆರವಾಗಿರಬೇಕು ಎನ್ನುವವರೂ ಬಳಸುವುದು ಇದನ್ನೇ: ಸ್ಯಾಶನ್ನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿ, ಬೆನ್ನ ಮೇಲಿಂದ ಬಲಭುಜಕ್ಕೆ ತಂದು ಬ್ರೂಚ್ ಹಾಕಿ, ತುದಿಯನ್ನು ಬಲತೋಳಿನ ಹಿಂದೆ ಇಳಿಬಿಡುವುದು. ಸೊಂಟಕ್ಕೆ ಡಾಬು ಇದ್ದರೆ ಸಿಕ್ಕಿಸಲು ಜಾಗ ಸಿದ್ಧ. ಮಾರುಕಟ್ಟೆಯ ಸಾಮಾನ್ಯ ಸ್ಯಾಶ್ ಸುಮಾರು 2.3 ಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ. ಇಷ್ಟು ಸಾಕು. ಬ್ರೂಚನ್ನು ರೇಷ್ಮೆ ಸೀರೆಗೆ ಚುಚ್ಚಬೇಡಿ, ಉಣ್ಣೆಯ ಭಾರಕ್ಕೆ ಎಳೆ ಹರಿಯುತ್ತದೆ. ರವಿಕೆಯ ಬಲಭುಜದ ಒಳಗೆ ದಪ್ಪ ಹತ್ತಿಯ ತುಂಡಿಟ್ಟು ಅದಕ್ಕೆ ಹಾಕಿ.

ಟಾರ್ಟನ್ ಆಯ್ಕೆಗೆ ಕಾನೂನಿನ ಕಟ್ಟಿಲ್ಲ, ರೂಢಿಯಿದೆ. ಕುಲದ ನಂಟಿಲ್ಲದವರು ಬ್ಲ್ಯಾಕ್ ವಾಚ್ ಅಥವಾ ಕ್ಯಾಲಿಡೋನಿಯಾ ತೊಡಬಹುದು. ಎಡಿನ್‌ಬರೊ, ಗ್ಲಾಸ್ಗೊ ಮುಂತಾಗಿ ಊರು ಪ್ರದೇಶಗಳ ಹೆಸರಿನ ಟಾರ್ಟನ್‌ಗಳೂ ಇವೆ. ನೀವು ಬಾಳುತ್ತಿರುವ ಊರಿನ ಕಡೆಯದು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ನಮ್ಮ ಅಭಿಪ್ರಾಯ. ಬ್ಯಾಲ್ಮೋರಲ್ ಟಾರ್ಟನ್ ಮಾತ್ರ ರಾಜಮನೆತನಕ್ಕೆ ಮೀಸಲು, ಅದನ್ನು ಬಿಟ್ಟುಬಿಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ರಾಣಿಯ ಮನೆಯವರೆಂದು ಹೋದಲ್ಲೆಲ್ಲ ಊಟಕ್ಕೆ ಕರೆಯುತ್ತಾರೆ.

ಮೊದಲೇ ಸಮಿತಿಗೆ ಬರೆದು ತಿಳಿಸಿ. ಮೀನೂ ಇಲ್ಲ, ಮಾಂಸದ ಸಾರೂ ಇಲ್ಲ ಎಂದು ಬಿಡಿಸಿ ಹೇಳಬೇಕು. ಹ್ಯಾಗಿಸ್ ಎಂದರೆ ಕುರಿಯ ಹೃದಯ, ಪಿತ್ತಜನಕಾಂಗ, ಶ್ವಾಸಕೋಶ ಮತ್ತು ಓಟ್ಸ್ ಎಂದು ನಿಮಗೆ ಗೊತ್ತಿರುತ್ತದೆ, ಸಸ್ಯಾಹಾರಿ ಹ್ಯಾಗಿಸ್ ಕೂಡ ಅಲ್ಲಿ ಸುಲಭವಾಗಿ ಸಿಗುತ್ತದೆ. ಮೋಸಹೋಗುವುದು ಸ್ಕಾಚ್ ಬ್ರಾತ್‌ನಲ್ಲಿ. ನೋಡಲು ಬಾರ್ಲಿ ತರಕಾರಿಯ ಸಾರು, ಬೇಯಿಸುವುದು ಹೆಚ್ಚಾಗಿ ಕುರಿ ಮಾಂಸದ ಜೊತೆ. ಹಬ್ಬದ ದಿನ ರಾಣಿಯ ಕೈಚೀಲದಲ್ಲಿ ಒಣ ತಿಂಡಿ ಇರಲಿ: ಚಪಾತಿ ಸುರುಳಿ, ಬಾಳೆಹಣ್ಣು. ಅರಿಶಿನ ಬಿದ್ದ ಚಿತ್ರಾನ್ನ ಬಿಳಿ ಗೌನಿನ ಹತ್ತಿರವೂ ಬರಬಾರದು.

ಪ್ರಶ್ನೆ: ಬೋನೆಸ್‌ನಲ್ಲಿ ರಾಣಿಯ ಮನೆ ಮುಂದೆ ಕಮಾನು ಕಟ್ಟಬೇಕಂತೆ. ಖರ್ಚು ಯಾರದು? ಸಮಿತಿಯನ್ನು ಏನೇನು ಕೇಳಬೇಕು?

ಬೋನೆಸ್‌ನ ಹಬ್ಬ ಮಕ್ಕಳ ಹಬ್ಬ, ಅದರ ಬೇರು ಗಣಿ ಕಾರ್ಮಿಕರ ಮೆರವಣಿಗೆಯಲ್ಲಿದೆ. ಸ್ಕಾಟ್ಲೆಂಡಿನ ಕಲ್ಲಿದ್ದಲು ಕಾರ್ಮಿಕರು 1799ರ ಕಾಯ್ದೆ ಬರುವವರೆಗೆ ಗಣಿಗೆ ಕಟ್ಟುಬಿದ್ದ ಜೀತದಾಳುಗಳಾಗಿದ್ದರು. ಬೋನೆಸ್ ಊರಿನಲ್ಲಿ ರಾಣಿ ಮತ್ತು ಪರಿವಾರದವರ ಮನೆಗಳ ಮುಂದೆ ಮನೆಯನ್ನೇ ಮರೆಸುವಷ್ಟು ದೊಡ್ಡ ಅಲಂಕಾರದ ಕಮಾನುಗಳು ಏಳುತ್ತವೆ, ಹಬ್ಬದ ಹಿಂದಿನ ಸಂಜೆ ಊರೆಲ್ಲ ಅವನ್ನು ನೋಡಲು ಬೀದಿಗಿಳಿಯುತ್ತದೆ. ಇದನ್ನು ಒಂದು ಮನೆಯವರೇ ಮಾಡಲಾಗದು. ನೆರೆಹೊರೆಯವರು, ಬಡಗಿ ಕೆಲಸ ಗೊತ್ತಿದ್ದವರು, ಬಣ್ಣ ಬಳಿಯಬಲ್ಲವರು ಕೈಜೋಡಿಸುತ್ತಾರೆ. ಸಂಕೋಚಪಡದೆ ಚಳಿಗಾಲದಲ್ಲೇ ಕೇಳಿ. ಚೌಕಟ್ಟನ್ನು ಗಾಳಿಗೆ ಬೀಳದಂತೆ ಕಟ್ಟುವುದು ಅನುಭವಿಗಳ ಕೆಲಸ, ಪ್ಲೈವುಡ್ಡಿನ ಅಗಲ ಹಲಗೆ ಹಾಯಿಪಟದಂತೆ ಗಾಳಿ ಹಿಡಿಯುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ.

ಸಮಿತಿಯಿಂದ ಬರಹದಲ್ಲೇ ಪಡೆಯಬೇಕಾದ ಉತ್ತರಗಳು: ಗೌನಿನ ಖರ್ಚು ಯಾರದು, ಹಬ್ಬದ ನಂತರ ಅದು ಯಾರದು, ಕಿರೀಟ, ರೋಬ್ ಹಾಳಾದರೆ ಹೊಣೆ ಯಾರದು, ವಾಹನಕ್ಕೂ ಮೆರವಣಿಗೆಗೂ ವಿಮೆ ಇದೆಯೇ, ವರ್ಷದುದ್ದಕ್ಕೂ ಎಷ್ಟು ಕಾರ್ಯಕ್ರಮಗಳು, ಮಗುವಿನ ಫೋಟೋ ಎಲ್ಲೆಲ್ಲಿ ಪ್ರಕಟವಾಗುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ದೊಡ್ಡವರು ಪಿವಿಜಿ ಯೋಜನೆಯ (ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲಿಸುವ ವ್ಯವಸ್ಥೆ) ಸದಸ್ಯರೇ ಎಂದೂ ಕೇಳಿ. ಡಿಸ್‌ಕ್ಲೋಷರ್ ಸ್ಕಾಟ್ಲೆಂಡ್ ನಡೆಸುವ ಈ ಯೋಜನೆಯ ಸದಸ್ಯತ್ವ, ಮಕ್ಕಳೊಂದಿಗಿನ ನಿಗದಿತ ಹೊಣೆಗಳಿಗೆ 2025ರ ಏಪ್ರಿಲ್ 1ರಿಂದ ಕಾನೂನಿನಂತೆ ಕಡ್ಡಾಯ. ಇದನ್ನು ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಅಲಂಕಾರದಲ್ಲಿ ಹಳದಿ ನೆಲದ ಕೆಂಪು ಸಿಂಹದ ಬಾವುಟವನ್ನು ಏರಿಸಬೇಡಿ. ಅದು ಅರಸನ ಲಾಂಛನ, 1672ರ ಕಾಯ್ದೆಯ ರಕ್ಷಣೆ ಅದಕ್ಕಿದೆ. ಕೈಯಲ್ಲಿ ಬೀಸುವ ಪುಟ್ಟ ಬಾವುಟಕ್ಕೆ ಮಾತ್ರ ಐದನೆಯ ಜಾರ್ಜ್ 1934ರಲ್ಲಿ ಅನುಮತಿ ಕೊಟ್ಟಿದ್ದರು. ನೀಲಿಯ ಮೇಲೆ ಬಿಳಿ ಓರೆಶಿಲುಬೆಯ ಬಾವುಟ ಎಲ್ಲರದು, ಎಷ್ಟು ಬೇಕಾದರೂ ಕಟ್ಟಿ.

ಪ್ರಶ್ನೆ: ಅಮೆರಿಕದ ನಮ್ಮ ಊರಿನಲ್ಲಿ ಸ್ಕಾಟಿಷ್ ಮೂಲದವರ ಹೈಲ್ಯಾಂಡ್ ಕ್ರೀಡಾಕೂಟ ನಡೆಯುತ್ತದೆ. ನನ್ನ ಗಂಡ ಸ್ಕಾಟಿಷ್ ಮೂಲದವರು. ಈ ಸಲ ಸ್ಕಾಟ್ಲೆಂಡನ್ನು ಹಿಂದೆ ಆಳಿದ ಮೇರಿ ರಾಣಿಯ ವೇಷದಲ್ಲಿ ಕೂರಲು ನನ್ನನ್ನು ಕೇಳಿದ್ದಾರೆ. ತಯಾರಿ ಹೇಗೆ?

ಒಪ್ಪಿಕೊಳ್ಳಿ. ಮೊದಲು ವರ್ಷಗಳನ್ನು ಬಾಯಿಪಾಠ ಮಾಡಿ, ಮಕ್ಕಳು ಬಂದು ಕೇಳುವುದು ಅವನ್ನೇ. ಹುಟ್ಟಿದ್ದು 1542ರ ಡಿಸೆಂಬರ್ 8ರಂದು ಲಿನ್ಲಿತ್ಗೋ ಅರಮನೆಯಲ್ಲಿ, ಆರು ದಿನದ ಕೂಸಾಗಿದ್ದಾಗಲೇ ರಾಣಿ. 1548ರಲ್ಲಿ ಫ್ರಾನ್ಸಿಗೆ, 1558ರಲ್ಲಿ ಅಲ್ಲಿನ ಯುವರಾಜನೊಂದಿಗೆ ಮದುವೆ. ವಿಧವೆಯಾಗಿ 1561ರ ಆಗಸ್ಟ್ 19ರಂದು ಲೀತ್ ಬಂದರಿಗೆ ವಾಪಸು. 1587ರ ಫೆಬ್ರುವರಿ 8ರಂದು ಫಾದರಿಂಗೇ ಕೋಟೆಯಲ್ಲಿ ಶಿರಚ್ಛೇದ. ನೀವು ಯಾವ ವರ್ಷದ ಮೇರಿ ಎಂದು ಒಂದನ್ನು ಗೊತ್ತುಮಾಡಿಕೊಳ್ಳಿ, ಉಡುಪೂ ಮಾತೂ ಅದಕ್ಕೆ ಹೊಂದಲಿ. 1561 ಸುಲಭ: ಹದಿನೆಂಟರ ವಿಧವೆ, ಫ್ರೆಂಚ್ ರುಚಿಯ ಉಡುಪು, ಕತ್ತಿಗೆ ಸಣ್ಣ ನೆರಿಗೆಯ ಪಟ್ಟಿ, ತಲೆಗೆ ಟೋಪಿ ಮತ್ತು ತೆಳು ಮುಸುಕು. ಕುಲಕ್ಕೊಂದು ಟಾರ್ಟನ್ ಎಂಬ ಕಲ್ಪನೆ ಬಹಳ ಮುಂದಿನದು, ಆದ್ದರಿಂದ ಸ್ಯಾಶ್ ಬೇಡ. ಸಂಘಟಕರು ಹಾಕಿಕೊಳ್ಳಿ ಎಂದರೆ ಇದೇ ಕಾರಣ ಹೇಳಿ. ಅಮೆರಿಕದ ಬೇಸಿಗೆಯಲ್ಲಿ ನಾಲ್ಕು ಪದರದ ಉಡುಪಿಗೆ ಬೆವರು ಸುರಿಯುತ್ತದೆ. ಒಳಪದರ ಲಿನನ್ ಇರಲಿ, ಗಂಟೆಗೊಮ್ಮೆ ನೆರಳಿಗೆ ಹೋಗುವ ವ್ಯವಸ್ಥೆಯನ್ನು ಮೊದಲೇ ಕೇಳಿಕೊಳ್ಳಿ, ನೀರಿನ ಬಾಟಲಿಯನ್ನು ಸಖಿಯ ಬುಟ್ಟಿಯಲ್ಲಿ ಬಟ್ಟೆ ಸುತ್ತಿ ಇಡಿಸಿ.